ಚಿಕ್ಕಪ್ಪನ ಕೊಳ, ಮೇಷ್ಟ್ರ ಬಾವಿ

ನಮ್ಮಜ್ಜಿಯ ಕಥೆಗಳಲ್ಲಿ ಕೊಳವಿಲ್ಲದ ಅರಮನೆಯೇ ಇರುತ್ತಿರಲಿಲ್ಲ. ಕೊಳವಿದ್ದ ಮೇಲೆ ಅದರಲ್ಲೊಂದು ಮಾತನಾಡುವ ಮೀನು, ಮೀನಿನ ಹೊಟ್ಟೆಯಲ್ಲೊಂದು ರಾಜಕುಮಾರಿಯ ಉಂಗುರ. ಅಂಥ ಕಥೆ ಕೇಳಿ ಬೆಳೆದವಳಾದ್ದರಿಂದ, ಚಿಕ್ಕಪ್ಪ ಒಂದು ಸಂಜೆ ಕಚೇರಿಯಿಂದ ಬಂದವನು ಕೋಟನ್ನೂ ಬಿಚ್ಚದೆ ಹಿತ್ತಲಲ್ಲಿ ಮೀನಿನ ಕೊಳ ಮಾಡಿಸುವುದಾಗಿ ಸಾರಿದಾಗ ಮನೆಯಲ್ಲಿ ಎಲ್ಲರಿಗಿಂತ ಮೊದಲು ಒಪ್ಪಿದವಳು ನಾನು. ನನ್ನ ನಂತರ ಒಪ್ಪಿದವರು ಯಾರೂ ಇಲ್ಲ.

ಅದು ಹೊಸ ಮೈಸೂರು ರಾಜ್ಯ ಹುಟ್ಟಿ ಆರು ತಿಂಗಳಾಗಿದ್ದ ಬೇಸಿಗೆ. ಚಿಕ್ಕಪ್ಪ ದಕ್ಷಿಣಾಮೂರ್ತಿ ಶಿಡ್ಲಘಟ್ಟದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ. ತಾಲ್ಲೂಕಿನ ಯಾವ ಹೊಲಕ್ಕೆ ಯಾವ ಸರ್ವೆ ನಂಬರು ಎಂಬುದು ಅವನಿಗೆ ಬಾಯಿಪಾಠ. ಎರಡು ಕಾಲಿಗೂ ಒಂದೇ ಜೋಡಿಯ ಚಪ್ಪಲಿ ಮೆಟ್ಟಿದ್ದಾನೆಯೇ ಎಂಬುದನ್ನು ಮಾತ್ರ ಪದ್ಮಮ್ಮ ಚಿಕ್ಕಮ್ಮ ದಿನವೂ ಬಾಗಿಲಲ್ಲಿ ನಿಂತು ನೋಡಿ ಕಳಿಸಬೇಕಾಗಿತ್ತು.

ಕೊಳದ ಮೂಲ ಒಂದು ಸಣ್ಣ ಸುಳ್ಳು. ಆ ದಿನ ಅವನು ಫೈಲು ಹಿಡಿದು ಅಮಲ್ದಾರರ ಬಂಗಲೆಗೆ ಹೋಗಿದ್ದ. ಅಮಲ್ದಾರರ ಹೆಂಡತಿ ವರಲಕ್ಷ್ಮಮ್ಮನವರು ಸಿಮೆಂಟು ತೊಟ್ಟಿಯಲ್ಲಿ ಸಾಕಿದ್ದ ಕೆಂಪು ಮೀನುಗಳಿಗೆ ಪುರಿ ಹಾಕುತ್ತಿದ್ದರು. ಅಮಲ್ದಾರರು ಸುಮ್ಮನೆ ಮಾತಿಗೆಂದು, ಇಂಥದ್ದೆಲ್ಲ ನಿಮಗೆ ಇಷ್ಟವೇ ಎಂದು ಕೇಳಿದರು. ಇಷ್ಟ ಎಂದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮೇಲಧಿಕಾರಿಗಳ ಮುಂದೆ ಚಿಕ್ಕಪ್ಪನ ನಾಲಿಗೆಗೆ ಚಿಕ್ಕಪ್ಪನಿಗಿಂತ ಒಂದು ಹೆಜ್ಜೆ ಮುಂದೆ ನಡೆಯುವ ಚಟ. ನಮ್ಮ ಮನೆಯಲ್ಲೂ ಒಂದು ಕೊಳವಿದೆ ಸ್ವಾಮಿ, ಇದಕ್ಕಿಂತ ಸ್ವಲ್ಪ ದೊಡ್ಡದು, ಎಂದುಬಿಟ್ಟ.

ವರಲಕ್ಷ್ಮಮ್ಮನವರ ಮುಖ ಅರಳಿತು. ತಮ್ಮ ತೊಟ್ಟಿಯಲ್ಲಿ ಮೀನು ಹೆಚ್ಚಾಗಿ ಒಂದರ ಮೇಲೊಂದು ಬೀಳುತ್ತಿವೆ, ಹದಿನೈದು ದಿನ ಬಿಟ್ಟು ಎಂಟನ್ನು ಕಳಿಸುತ್ತೇನೆ, ಅವು ಹೊಸ ನೀರಿಗೆ ಹೊಂದಿಕೊಂಡ ಮೇಲೆ ನಾನೇ ಬಂದು ನೋಡುತ್ತೇನೆ ಎಂದರು. ಗೇಟಿನ ಹತ್ತಿರ ಕಾವಲಿದ್ದ ದಫೇದಾರ ಚಿಕ್ಕಪ್ಪನ ಕಿವಿಗೆ ಇನ್ನೊಂದು ಸುದ್ದಿ ಹಾಕಿದ. ಅಮ್ಮಾವರು ತವರಿಗೆ ಹೋಗಿದ್ದಾಗ ಅವರ ಗುಲಾಬಿ ಗಿಡಗಳನ್ನು ನೋಡಿಕೊಳ್ಳುತ್ತೇನೆಂದು ಒಪ್ಪಿ ಒಣಗಿಸಿದ ಗುಮಾಸ್ತ ಈಗ ಗೌರಿಬಿದನೂರಿನ ಆಚೆ, ನಗರಗೆರೆಯಲ್ಲಿದ್ದಾನಂತೆ.

ನಗರಗೆರೆಯ ಮೇಲೆ ನಮಗೆ ಯಾವ ದ್ವೇಷವೂ ಇರಲಿಲ್ಲ. ಆದರೆ ಅಲ್ಲಿಗೆ ವರ್ಗವಾದರೆ ಈ ಮನೆ ಬಿಡಬೇಕು. ಅಜ್ಜಿ ಈ ಮನೆ ಬಿಟ್ಟು ಬರುವವಳಲ್ಲ. ಅಜ್ಜಿಯನ್ನು ಬಿಟ್ಟು ಚಿಕ್ಕಪ್ಪ ಹೋಗುವವನಲ್ಲ. ಹೀಗೆ, ಇನ್ನೂ ಕಣ್ಣಿಗೆ ಬೀಳದ ಎಂಟು ಮೀನುಗಳ ಬಾಲಕ್ಕೆ ನಮ್ಮ ಇಡೀ ಸಂಸಾರ ಜೋತುಬಿತ್ತು.

ಅಜ್ಜಿ ಮಡಿಸೀರೆಯ ಸೆರಗನ್ನು ಮೂಗಿಗೆ ಹಿಡಿದು, ಮೀನಿನ ವಾಸನೆ ಬರುವ ಮನೆಯಲ್ಲಿ ತಾನು ದೇವರ ದೀಪ ಹಚ್ಚುವುದು ಹೇಗೆ ಎಂದು ಕೇಳಿದಳು. ಭಗವಂತನೇ ಮೊದಲನೇ ಅವತಾರದಲ್ಲಿ ಮೀನಾಗಿದ್ದ ಎಂದು ಚಿಕ್ಕಪ್ಪ ನೆನಪಿಸಿದ.

"ಆ ಮೀನು ವೇದ ತಂದುಕೊಟ್ತಪ್ಪ. ನಿನ್ನ ಮೀನು ಏನು ತಂದ್ಕೊಡುತ್ತೆ?"

"ತಂದ್ಕೊಡೋದು ಬೇಡ ಕಣಮ್ಮ. ಇರೋದನ್ನ ಕಿತ್ಕೊಂಡು ಹೋಗದೆ ಇದ್ದರೆ ಸಾಕು."

ಮರುದಿನವೇ ಬಾವಿ ತೋಡುವ ಎರ್ರಪ್ಪ ಹಾರೆ ಗುದ್ದಲಿ ಸಮೇತ ಬಂದ. ದುಂಡಗೆ ಒಂದು ಗುಂಡಿ ತೋಡುವುದು ಅವನ ಯೋಜನೆ. ಚಿಕ್ಕಪ್ಪನ ಯೋಜನೆ ಬೇರೆ ಇತ್ತು. ಅವನು ಗೋಡೆಯ ಕ್ಯಾಲೆಂಡರಿನಿಂದ ವಿಶಾಲ ಮೈಸೂರು ರಾಜ್ಯದ ನಕ್ಷೆಯನ್ನು ಕತ್ತರಿಸಿ ತಂದು, ಹಿತ್ತಲಿನ ಮಣ್ಣಿನ ಮೇಲೆ ಸುಣ್ಣದ ಪುಡಿಯಿಂದ ಅದೇ ಆಕಾರವನ್ನು ಎಳೆದಿದ್ದ. ಎರ್ರಪ್ಪ ಅದರ ಸುತ್ತ ಮೂರು ಸಲ ಸುತ್ತಿದ.

"ಎಂದುಕು ಸಾಮೀ, ಯಾಕೆ ಇಷ್ಟೊಂದು ಮೂಲೆ? ಮೀನಿಗೆ ತಿರುಗೋಕೆ ಬ್ಯಾಡ್ವಾ? ಇದೊಂದು ನೋಡಿ, ಮೇಲಕ್ಕೆ ಮೂತಿ ಚಾಚ್ಕೊಂಡದೆ."

"ಅದು ಮೂತಿಯಲ್ಲ ಎರ್ರಪ್ಪ, ಬೀದರ್."

ಎರ್ರಪ್ಪ ಬೀದರನ್ನು ಅಗೆದ. ಬಳ್ಳಾರಿಯಲ್ಲಿ ಕಲ್ಲು ಸಿಕ್ಕಿತು, ಎರಡು ದಿನ ಹಿಡಿಯಿತು. ಪಶ್ಚಿಮಕ್ಕೆ, ಅರಬ್ಬೀ ಸಮುದ್ರ ಇರಬೇಕಾದ ಕಡೆ, ನಮ್ಮ ಬಚ್ಚಲಿನ ನೀರು ಹರಿಯುತ್ತಿತ್ತು. ಆಗ್ನೇಯದ ಕೋಲಾರ ಜಿಲ್ಲೆ ಪಕ್ಕದ ಮನೆಯ ಗೋಡೆಗೆ ಅಂಟಿಕೊಂಡಿತು. ಇದು ಸಡಿಲ ಮಣ್ಣು, ಕೆರೆಯ ಗೋಡುಮಣ್ಣು ತಂದು ಗಟ್ಟಿಯಾಗಿ ಮೆತ್ತದಿದ್ದರೆ ನೀರು ನಿಲ್ಲುವುದಿಲ್ಲ ಎಂದು ಎರ್ರಪ್ಪ ಹೇಳಿದ. ಚಿಕ್ಕಪ್ಪ ನಕ್ಕ. ಹಿಂದಿನವರು ಕೋಟೆ ಕಟ್ಟಿದ್ದು ಸುಣ್ಣ ಬೆಲ್ಲದ ಗಾರೆಯಿಂದ ಎಂದು ಎಲ್ಲೋ ಓದಿದ್ದನಂತೆ. ಸುಣ್ಣ ಎಷ್ಟು, ಬೆಲ್ಲ ಎಷ್ಟು ಎಂಬುದನ್ನು ಮರೆತಿದ್ದ, ಅಷ್ಟೆ. ಸಂಜೆಯ ಹೊತ್ತಿಗೆ ಶಿಡ್ಲಘಟ್ಟದ ಇರುವೆಗಳೆಲ್ಲ ವಿಶಾಲ ಮೈಸೂರಿಗೆ ವಲಸೆ ಬಂದವು.

ಈಗ ಪಕ್ಕದ ಮನೆಯ ವಿಷಯ ಹೇಳಬೇಕು. ಅಲ್ಲಿದ್ದವರು ಪುಟ್ಟಸ್ವಾಮಯ್ಯ ಮೇಷ್ಟ್ರು ಮತ್ತು ಅವರ ಹೆಂಡತಿ ವೆಂಕಟಲಕ್ಷ್ಮಮ್ಮ. ಮೇಷ್ಟ್ರು ಮೂವತ್ತು ವರ್ಷ ಊರಿನ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ನಿವೃತ್ತರಾಗಿದ್ದರು. ಚಿಕ್ಕಪ್ಪನಿಗೂ ಹೇಳಿಕೊಟ್ಟಿದ್ದರು, ಫಲ ಸಿಕ್ಕಿರಲಿಲ್ಲ. ನಮಗೂ ಅವರಿಗೂ ಆರು ವರ್ಷದಿಂದ ಮಾತಿಲ್ಲ. ನಮ್ಮ ನುಗ್ಗೆಮರದ ಒಂದು ಕೊಂಬೆ ಅವರ ಕಡೆಗೆ ಬಾಗಿತ್ತು. ಆ ಕಡೆ ಎಷ್ಟು ಕಾಯಿ ಬಿಟ್ಟಿದೆ ಎಂದು ಅಜ್ಜಿ ಒಂದು ದಿನ ಗಟ್ಟಿಯಾಗಿ ಎಣಿಸಿದಳು. ಎಣಿಸಿದ್ದು ವೆಂಕಟಲಕ್ಷ್ಮಮ್ಮನವರ ಕಿವಿಗೆ ಬಿತ್ತು. ಅಲ್ಲಿಂದ ಮುಂದೆ ಅವರಿಬ್ಬರೂ ಒಬ್ಬರಿಗೊಬ್ಬರು ಹೇಳಬೇಕಾದ್ದನ್ನೆಲ್ಲ ತಮ್ಮ ತಮ್ಮ ತುಳಸಿಕಟ್ಟೆಗೆ ಹೇಳುತ್ತಿದ್ದರು.

ಮರುವರ್ಷ ಮೇಷ್ಟ್ರ ಬಾವಿ ಬತ್ತಿತು. ನಮ್ಮ ಬಾವಿಯಲ್ಲಿ ನೀರಿತ್ತು. ಗೋಡೆಯೋ ಸೊಂಟದೆತ್ತರದ್ದು. ಕೇಳಿದ್ದರೆ ಅಜ್ಜಿ ಇಲ್ಲ ಎನ್ನುತ್ತಿರಲಿಲ್ಲ, ಆದರೆ ಅವರು ಕೇಳಲಿಲ್ಲ. ಅವರು ಕೇಳಲಿಲ್ಲವೆಂದು ಅಜ್ಜಿಯೂ ಕರೆಯಲಿಲ್ಲ. ಐದು ವರ್ಷದಿಂದ ವೆಂಕಟಲಕ್ಷ್ಮಮ್ಮ ಬೀದಿಯ ಕೊನೆಯ ಬಾವಿಯಿಂದ ನೀರು ಹೊತ್ತು, ನಮ್ಮ ಬಾಗಿಲ ಮುಂದೆ ಬಂದಾಗ ಬೆನ್ನು ನೇರ ಮಾಡಿಕೊಂಡು ನಡೆಯುತ್ತಿದ್ದರು. ಕೊನೆಗೆ ಮೇಷ್ಟ್ರು ಸಾದಲಿಯಿಂದ ನೀರು ನೋಡುವ ಬಯ್ಯಪ್ಪನನ್ನು ಕರೆಸಿದರು. ಬಯ್ಯಪ್ಪ ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹಿತ್ತಲೆಲ್ಲ ಓಡಾಡಿದ. ಬತ್ತಿದ ಬಾವಿಯ ಹತ್ತಿರವೇ ಕಾಯಿ ಎದ್ದು ನಿಂತಿತಂತೆ. ಒಂಬತ್ತು ಶುಕ್ರವಾರ ಗಂಗಮ್ಮನ ಪೂಜೆ ಮಾಡಿ, ಆಮೇಲೆ ನೋಡಿ ಎಂದು ಹೇಳಿಹೋದ. ನಮ್ಮ ಕೊಳ ಮುಗಿಯುವ ಹೊತ್ತಿಗೆ ಅಲ್ಲಿ ಎಂಟು ಶುಕ್ರವಾರ ಮುಗಿದಿತ್ತು.

ಒಂಬತ್ತನೆಯದರ ಹಿಂದಿನ ದಿನ ಚಿಕ್ಕಪ್ಪ ಕಚೇರಿಗೆ ರಜೆ ಹಾಕಿ, ನೂರಿಪ್ಪತ್ತು ಬಿಂದಿಗೆ ನೀರು ಸೇದಿ ರಾಜ್ಯವನ್ನು ತುಂಬಿದ. ಬೆಳಗ್ಗೆ ನೋಡಿದರೆ ನೀರು ಮಂಡ್ಯದಿಂದ ಕೆಳಗೆ ಮಾತ್ರ ಇತ್ತು. ಬಿಸಿಲಿಗೆ ಆರಿದೆ ಎಂದು ಚಿಕ್ಕಪ್ಪ ಹೇಳಿದ. ಹೊತ್ತು ಮುಳುಗಿದ ಮೇಲೆ ಎಂಥ ಬಿಸಿಲು ಎಂದು ಚಿಕ್ಕಮ್ಮ ಕೇಳುವಷ್ಟರಲ್ಲಿ ಪಕ್ಕದ ಮನೆಯಿಂದ ಜಾಗಟೆಯ ಸದ್ದು ಬಂತು. ಪೂಜೆಗೆ ಬಾವಿಯೊಳಗೆ ಇಣುಕಿದ ವೆಂಕಟಲಕ್ಷ್ಮಮ್ಮನವರಿಗೆ ತಳದಲ್ಲಿ ತಮ್ಮ ಮುಖ ಕಂಡಿತ್ತು. ಐದು ವರ್ಷದ ಮೇಲೆ.

ಬೀದಿಗೆ ಬೀದಿಯೇ ಅಲ್ಲಿಗೆ ನುಗ್ಗಿತು. ವೆಂಕಟಲಕ್ಷ್ಮಮ್ಮ ಮನೆಮನೆಗೂ ತೀರ್ಥ ಹಂಚಿದರು. ನಮ್ಮ ಪಾಲಿನ ಪಂಚಪಾತ್ರೆಯನ್ನು ಗೋಡೆಯ ಮೇಲಿಟ್ಟು, ಯಾರು ಎಣಿಸಿದರೂ ಗಂಗಮ್ಮ ಮಾತ್ರ ಎಣಿಸಿ ಕೊಡುವವಳಲ್ಲ ಎಂದು ತಮ್ಮ ತುಳಸಿಗೆ ಹೇಳಿದರು. ಅಜ್ಜಿ ಬಿಗುಮಾನದಿಂದಲೇ ಮೂರು ಸಲ ತೀರ್ಥ ತೆಗೆದುಕೊಂಡಳು. ಏನೋ ಸಿಹಿ ಇದೆ, ಗಂಗೆಯ ನೀರೇ ಹೌದು ಎಂದಳು. ಬೆಲ್ಲದ ಕಡೆಗೆ ಯಾರ ಗಮನವೂ ಹೋಗಲಿಲ್ಲ.

ಮರುದಿನ ದಫೇದಾರ ಹಿತ್ತಾಳೆಯ ಕೊಳಗದಲ್ಲಿ ಎಂಟು ಕೆಂಪು ಮೀನುಗಳನ್ನು ತಂದು ಬಿಟ್ಟ. ಅವು ಉತ್ತರ ಕನ್ನಡದಿಂದ ಮೈಸೂರಿನವರೆಗೆ ಮಿಂಚಿನಂತೆ ಓಡಾಡುವುದನ್ನು ನೋಡಿ ನನಗೆ ಉಂಗುರದ ರಾಜಕುಮಾರಿ ಇನ್ನೇನು ಬಂದಳು ಎನಿಸಿತು. ಸೋಮವಾರ ಮೀನು ಏಳಾದವು. ಮಂಗಳವಾರ ಐದು. ಬೆಕ್ಕಿನ ಕೆಲಸ ಎಂದು ಚಿಕ್ಕಮ್ಮ, ಕಾಗೆ ಎಂದು ಅಜ್ಜಿ. ಚಿಕ್ಕಪ್ಪ ಎರಡರ ಮೇಲೂ ಅನುಮಾನಪಟ್ಟು, ಬಲಗೈಲಿ ಕೊಡೆ ಎಡಗೈಲಿ ಕೋಲು ಹಿಡಿದು ಕೊಳದ ದಡದಲ್ಲಿ ಕೂತ. ದಿನಾ ಬೆಳಗ್ಗೆ ಐವತ್ತು ಬಿಂದಿಗೆ ನೀರು ಸೇದುವುದು, ಆಮೇಲೆ ಕಾವಲು, ಆಮೇಲೆ ಕಚೇರಿ. ರೇಷ್ಮೆಗೂಡು ಬಿಚ್ಚುವ ಕಾರ್ಖಾನೆಯವರೊಬ್ಬರು, ಮೀನಿಗೆ ಬಲ ಬರಲು ಬೇಯಿಸಿದ ರೇಷ್ಮೆಹುಳು ಹಾಕಿ ಎಂದರು. ಚಿಕ್ಕಪ್ಪ ಒಂದು ಬುಟ್ಟಿ ತಂದ. ಆ ವಾಸನೆಗೆ ಅಜ್ಜಿ ಎರಡು ದಿನ ದೇವರಮನೆಯ ಬಾಗಿಲು ಹಾಕಿಕೊಂಡು ಒಳಗೇ ಇದ್ದಳು. ಬುಧವಾರಕ್ಕೆ ಮೀನು ಎರಡು. ಗುರುವಾರ, ಶೂನ್ಯ.

ಅದೇ ಗುರುವಾರ ಪಕ್ಕದ ಹಿತ್ತಲಿನಿಂದ ಮತ್ತೆ ಜಾಗಟೆ. ಮೇಷ್ಟ್ರ ಬಾವಿಯಲ್ಲಿ ಎಂಟು ಬಂಗಾರದ ಮೀನುಗಳು ಪ್ರತ್ಯಕ್ಷವಾಗಿದ್ದವು. ಶುಕ್ರವಾರದ ಹೊತ್ತಿಗೆ ಚಿಂತಾಮಣಿಯಿಂದ ಜನ ಬಂದರು. ಮಂಚೇನಹಳ್ಳಿಯಿಂದ ಒಂದು ಗಾಡಿ ತುಂಬ ಹೆಂಗಸರು ಬಂದು ಅರಿಶಿನ ಕುಂಕುಮ ಹಾಕಿ ಹೋದರು. ಬಯ್ಯಪ್ಪ ಹೊಸ ರುಮಾಲು ಸುತ್ತಿ ಬಾವಿಕಟ್ಟೆಯ ಮೇಲೆ ಕೂತು, ಆ ದಿನ ಕಾಯಿ ಬರೀ ಎದ್ದು ನಿಂತಿರಲಿಲ್ಲ, ಈಜುವ ಹಾಗೆ ಬಾಲ ಆಡಿಸಿತ್ತು ಎಂದು ಬಂದವರಿಗೆಲ್ಲ ವಿವರಿಸಿದ. ತೆಂಗಿನಕಾಯಿಗೆ ಬಾಲವೆಲ್ಲಿ ಎಂದು ಯಾರೂ ಕೇಳಲಿಲ್ಲ. ಎಂಟು ಎಂಬ ಸಂಖ್ಯೆ ಕೇಳಿ ನಮ್ಮ ಮನೆಯಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ಹೊತ್ತಿಗೇ ದಫೇದಾರ ಬಂದು, ಭಾನುವಾರ ಬೆಳಗ್ಗೆ ಹತ್ತಕ್ಕೆ ಸಾಹೇಬರೂ ಅಮ್ಮಾವರೂ ಮೀನು ನೋಡಲು ಬರುತ್ತಾರೆಂದು ತಿಳಿಸಿಹೋದ.

ಶನಿವಾರ ಎರ್ರಪ್ಪನನ್ನು ಕರೆಸಿದೆವು. ಅವನು ಖಾಲಿ ಕೊಳಕ್ಕೆ ಇಳಿದು, ನೇರವಾಗಿ ಕೋಲಾರ ಜಿಲ್ಲೆಗೆ ಹೋಗಿ ಕೈ ಹಾಕಿದ. ಕೈ ಭುಜದವರೆಗೂ ಒಳಗೆ ಹೋಯಿತು. ಬೆಲ್ಲದ ಆಸೆಗೆ ಬಂದ ಹೆಗ್ಗಣವೊಂದು ಗಾರೆಯನ್ನು ಕೊರೆದು, ಗೋಡೆಯ ಕೆಳಗೆ ಮೇಷ್ಟ್ರ ಬಾವಿಯ ಕಲ್ಲುಕಟ್ಟಿನವರೆಗೂ ಸುರಂಗ ತೆಗೆದಿತ್ತು.

"ಎರಡು ಬುಟ್ಟಿ ಗೋಡು ಸಾಕು ಸಾಮೀ. ಗಂಟೆಯೊಳಗೆ ಮುಚ್ತೀನಿ. ಆ ಬಾವಿಗೆ ಬುಟ್ಟಿ ಇಳಿಸಿ ಮೀನು ಎತ್ಕೊಂಡು ಬಂದ್ರೆ ಮುಗೀತು."

ಮೇಷ್ಟ್ರಿಗೆ ನಿಜ ಹೇಳಿ ಬರುತ್ತೇನೆಂದು ಚಿಕ್ಕಪ್ಪ ಗೋಡೆಯ ಹತ್ತಿರ ಹೋದ. ನಾನೂ ಹಿಂದೆ ಹೋದೆ. ಆಚೆ ಜನ ಇನ್ನೂ ಬಂದಿರಲಿಲ್ಲ. ವೆಂಕಟಲಕ್ಷ್ಮಮ್ಮ ಒಬ್ಬರೇ ತಮ್ಮ ಬಾವಿಯಿಂದ ನೀರು ಸೇದುತ್ತಿದ್ದರು. ರಾಟೆಗೆ ಎಣ್ಣೆ ಹಾಕಿ ಒರೆಸಿದ್ದರು. ಒಂದು ಬಿಂದಿಗೆ ಸೇದಿ ಗಿಡಕ್ಕೆ ಹಾಕಿ, ಬೇಕಿಲ್ಲದಿದ್ದರೂ ಇನ್ನೊಂದು ಸೇದಿ, ಸುಮ್ಮನೆ ಅಂಗಳಕ್ಕೆ ಚೆಲ್ಲಿ, ಸಣ್ಣ ಹುಡುಗಿಯ ಹಾಗೆ ಒದ್ದೆಯ ಮೇಲೆ ಕಾಲಿಟ್ಟು ನಿಂತರು. ಬಾಯಲ್ಲಿ ಯಾವುದೋ ಹಾಡು.

ಚಿಕ್ಕಪ್ಪ ಗೋಡೆಯ ಮೇಲಿದ್ದ ಒಂದು ಒಣಗಿದ ಎಲೆಯನ್ನು ತೆಗೆದು ಕೆಳಗೆ ಹಾಕಿದ. ಹಿಂದಿರುಗಿ ಬಂದು, ಗೋಡು ಬೇಡ ಎಂದು ಎರ್ರಪ್ಪನನ್ನು ಕಳಿಸಿಬಿಟ್ಟ. ಆಮೇಲೆ ಹಗ್ಗ ಎತ್ತಿಕೊಂಡು ಇನ್ನೂ ಮೂವತ್ತು ಬಿಂದಿಗೆ ಸೇದಿದ. ಚಿಕ್ಕಮ್ಮ ಅಟ್ಟದ ಮೇಲಿನ ಟ್ರಂಕು ಇಳಿಸಿ, ಧೂಳು ಒರೆಸಿ, ನಗರಗೆರೆಯಲ್ಲಿ ಒಳ್ಳೆಯ ತರಕಾರಿ ಸಿಗುತ್ತದೆಯೇ ಎಂದು ಅಜ್ಜಿಯನ್ನು ಕೇಳಿದಳು. ಅಜ್ಜಿ ಗೋಡೆಯ ಕಡೆಯೇ ನೋಡುತ್ತಿದ್ದಳು.

ಭಾನುವಾರ ಸರಿಯಾಗಿ ಹತ್ತಕ್ಕೆ ದಫೇದಾರ ಮುಂದೆ, ಅಮಲ್ದಾರ ದಂಪತಿಗಳು ಹಿಂದೆ. ಚಿಕ್ಕಪ್ಪ ಬೆಳಗಿನ ಜಾವದಿಂದ ನೀರು ಸುರಿದೂ ಸುರಿದೂ ಕೊಳ ಅರ್ಧ ತುಂಬಿತ್ತು. ಅಮಲ್ದಾರರು ಅದರ ಆಕಾರ ನೋಡಿ, ತಮ್ಮ ಊರು ದಾವಣಗೆರೆ ಎಲ್ಲಿ ಬರುತ್ತದೆ ಎಂದು ವಿಚಾರಿಸಿ, ತೋರಿಸಿದ ಜಾಗವನ್ನು ಬೆತ್ತದಿಂದ ಮುಟ್ಟಿ ಸಂತೋಷಪಟ್ಟರು. ವರಲಕ್ಷ್ಮಮ್ಮನವರು ಬಗ್ಗಿ, ನೀರಿನ ಮೇಲೆ ಕೈ ಚಾಚಿ ಬಳೆಗಳನ್ನು ಆಡಿಸಿದರು. ಈ ಸದ್ದಿಗೆ ತಮ್ಮ ಮಕ್ಕಳು ಎಲ್ಲಿದ್ದರೂ ಬರುತ್ತವೆ ಎಂದರು. ಯಾರೂ ಬರಲಿಲ್ಲ. ಇನ್ನೊಮ್ಮೆ ಆಡಿಸಿದರು. ಹೊಸ ಜಾಗ, ನಾಚಿಕೆ ಸ್ವಭಾವ ಎಂದು ಚಿಕ್ಕಪ್ಪ ತಡವರಿಸಿದ.

ಅಷ್ಟರಲ್ಲಿ ಗೋಡೆಯ ಮೇಲಿಂದ ಅಮಲ್ದಾರರ ಪೇಟ ಕಂಡು ಮೇಷ್ಟ್ರ ಹಿತ್ತಲಿನಲ್ಲಿ ಗಡಿಬಿಡಿ ಎದ್ದಿತು. ಸರ್ಕಾರವೇ ಬಾವಿ ನೋಡಲು ಬಂದಿದೆ ಎಂದು ಬಯ್ಯಪ್ಪ ಸಾರಿದ. ನೋಡುತ್ತಿದ್ದಂತೆ ನಾಲ್ಕು ಜನ ಹಾರ ಹಿಡಿದು ನಮ್ಮ ಮನೆಗೆ ನುಗ್ಗಿ, ಅಮಲ್ದಾರರು ಇಲ್ಲ ಇಲ್ಲ ಎನ್ನುತ್ತಿದ್ದರೂ ಕೊರಳಿಗೆ ಹಾಕಿ, ಜಾಗಟೆಯ ಸಮೇತ ದಂಪತಿಗಳನ್ನು ಪಕ್ಕದ ಮನೆಗೆ ಕರೆದೊಯ್ದರು. ಚಿಕ್ಕಪ್ಪ ಹಿಂದೆ ನಡೆದ. ಆ ದಿನ ಚಪ್ಪಲಿಯ ಜೋಡಿಯನ್ನು ನೋಡುವ ವ್ಯವಧಾನ ಚಿಕ್ಕಮ್ಮನಿಗೂ ಇರಲಿಲ್ಲ.

ಮೇಷ್ಟ್ರು ಕೈಮುಗಿದು ಬರಮಾಡಿಕೊಂಡರು. ವರಲಕ್ಷ್ಮಮ್ಮನವರು ಬಾವಿಕಟ್ಟೆಗೆ ಕೈಯೂರಿ ಇಣುಕಿದರು. ಬಳೆ ಕಲ್ಲಿಗೆ ತಾಗಿ ಸದ್ದಾಯಿತು. ಕೆಳಗಿನ ಕತ್ತಲಿನಿಂದ ಒಂದು, ಮೂರು, ಎಂಟು ಕೆಂಪು ಬಾಯಿಗಳು ಒಟ್ಟಿಗೆ ಮೇಲೆದ್ದು ತೆರೆದವು.

"ರೀ," ಎಂದರು ಅವರು ನಿಧಾನವಾಗಿ. "ಇವು ನಮ್ಮ ಮನೆಯವು."

ಜಾಗಟೆ ನಿಂತಿತು. ಬಯ್ಯಪ್ಪ ರುಮಾಲನ್ನು ಸರಿಮಾಡಿಕೊಂಡು ಜನರ ಹಿಂದಕ್ಕೆ ಸರಿದ. ವೆಂಕಟಲಕ್ಷ್ಮಮ್ಮ ಬಿಂದಿಗೆಯ ಕತ್ತನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಅಮಲ್ದಾರರು ಕಚೇರಿಯ ದನಿಯಲ್ಲಿ ಕೇಳಿದರು:

"ದಕ್ಷಿಣಾಮೂರ್ತಿಗಳೇ, ನಿಮ್ಮ ಸುಪರ್ದಿಗೆ ಕೊಟ್ಟ ಮೀನು ಇಲ್ಲಿಗೆ ಹೇಗೆ ಬಂದವು?"

ಚಿಕ್ಕಪ್ಪನ ತಲೆಯಲ್ಲಿ ವಾರದಿಂದ ಒಂದೇ ಶಬ್ದ ಸುತ್ತುತ್ತಿತ್ತು. ಅದೇ ಹೊರಗೆ ಬಂತು.

"ವರ್ಗ ಆಗಿದೆ ಸ್ವಾಮಿ."

"ಯಾರ ಆರ್ಡರಿನ ಮೇಲೆ?"

ಅದಕ್ಕೆ ಉತ್ತರ ಬಂದದ್ದು ಬಾಗಿಲ ಕಡೆಯಿಂದ. ಆರು ವರ್ಷ ಆ ಹೊಸಿಲು ದಾಟದಿದ್ದ ಅಜ್ಜಿ, ಮಡಿಸೀರೆಯಲ್ಲೇ, ಜನರನ್ನು ಎರಡು ಕಡೆಗೆ ಸರಿಸುತ್ತ ನೇರವಾಗಿ ಬಾವಿಯ ಹತ್ತಿರ ಬಂದಳು. ನನಗೆ ಕಥೆ ಹೇಳುವಾಗ ಬರುತ್ತಿದ್ದ ಅದೇ ದನಿ.

"ಗಂಗಮ್ಮನ ಆರ್ಡರಪ್ಪ. ಐದು ವರ್ಷ ಬತ್ತಿದ ಬಾವಿಗೆ ಬರಬೇಕು ಅಂದ್ರೆ ಅವಳು ಬರೀಕೈಲಿ ಬರ್ತಾಳಾ? ಒಳ್ಳೇ ಮನೆ ಮೀನು ಬೇಕು ಅಂದಳು. ಊರೆಲ್ಲ ಹುಡುಕಿದಳು. ಕೊನೆಗೆ ಈ ತಾಯಿ ಕೈಯಲ್ಲಿ ಪುರಿ ತಿಂದ ಮೀನೇ ಆಗಬೇಕು ಅಂತ, ಭೂಮಿಯೊಳಗೇ ದಾರಿ ಮಾಡಿ ಕರೆಸ್ಕೊಂಡಳು. ನಮ್ಮ ಮನೇಲಿ ಒಂದು ವಾರ ಇಳ್ಕೊಂಡಿದ್ವು, ಅಷ್ಟೆ. ಅಲ್ವೇನೇ ವೆಂಕಟಲಕ್ಷ್ಮಿ?"

ಅಜ್ಜಿ ಮಾತಾಡಿದ್ದು ತುಳಸಿಯ ಹತ್ತಿರವಲ್ಲ. ಬಿಂದಿಗೆ ಹಿಡಿದಿದ್ದ ವೆಂಕಟಲಕ್ಷ್ಮಮ್ಮ ಹೌದೆಂದು ತಲೆಯಾಡಿಸಿದರು. ಅಜ್ಜಿಯ ಮಾತಿನಲ್ಲಿ ಅಕ್ಷರವೂ ಸುಳ್ಳಿರಲಿಲ್ಲ, ಹೆಗ್ಗಣದ ಹೆಸರನ್ನು ಬಿಟ್ಟಿದ್ದಳು ಅಷ್ಟೆ.

ಮಂಚೇನಹಳ್ಳಿಯಿಂದ ಎರಡನೇ ಸಲ ಬಂದಿದ್ದ ಹೆಂಗಸೊಬ್ಬಳು ಮೊದಲು ವರಲಕ್ಷ್ಮಮ್ಮನವರ ಕಾಲಿಗೆ ಬಿದ್ದಳು. ಆಮೇಲೆ ಸಾಲು ಹತ್ತಿತು. ತಮ್ಮ ಕಾಲಿಗೆ ಬೀಳುತ್ತಿರುವ ಅಷ್ಟೊಂದು ಜನರನ್ನು ನೋಡಿ ಅವರ ಕಣ್ಣಲ್ಲಿ ನೀರು ತುಂಬಿತು. ಮೀನುಗಳನ್ನು ಇನ್ನು ಇಲ್ಲಿಂದ ಅಲುಗಿಸಕೂಡದು ಎಂದರು. ಅಮಲ್ದಾರರು ಹಾರ ಸರಿಮಾಡಿಕೊಂಡು ಆಲೋಚಿಸಿದರು. ಕೊಳ, ಬಾವಿ, ಭೂಮಿಯೊಳಗಿನ ದಾರಿ, ಈ ಮೂರರ ಮೇಲ್ವಿಚಾರಣೆಗೆ ಅನುಭವಸ್ಥರೊಬ್ಬರು ಪಕ್ಕದಲ್ಲೇ ಇರಬೇಕಾದ್ದರಿಂದ, ತಾವು ಈ ತಾಲ್ಲೂಕಿನಲ್ಲಿ ಇರುವವರೆಗೂ ದಕ್ಷಿಣಾಮೂರ್ತಿಯವರು ಶಿಡ್ಲಘಟ್ಟ ಬಿಡುವ ಹಾಗಿಲ್ಲ ಎಂದು ತೀರ್ಪು ಕೊಟ್ಟರು. ಚಿಕ್ಕಮ್ಮ ಮನೆಗೆ ಓಡಿಹೋಗಿ ಟ್ರಂಕನ್ನು ಅಟ್ಟಕ್ಕೆ ಏರಿಸಿದಳು.

ಸೋಮವಾರ ಬೆಳಗ್ಗೆ ಚಿಕ್ಕಪ್ಪ ಎಂದಿನಂತೆ ನೀರು ಸೇದಲು ಹೋದರೆ ನಮ್ಮ ಬಾವಿಕಟ್ಟೆಯ ಹತ್ತಿರ ಪುಟ್ಟಸ್ವಾಮ‌ಯ್ಯ ಮೇಷ್ಟ್ರು ಪಂಚೆ ಎತ್ತಿಕಟ್ಟಿ ನಿಂತಿದ್ದರು. ಕೈಯಲ್ಲಿ ಅವರದೇ ಹಗ್ಗ, ಅವರದೇ ಬಿಂದಿಗೆ. ಆಗಲೇ ನಾಲ್ಕು ಬಿಂದಿಗೆ ಸೇದಿ ನಮ್ಮ ಕೊಳಕ್ಕೆ ಸುರಿದಾಗಿತ್ತು.

"ಮೇಷ್ಟ್ರೇ, ನಿಮಗೆ ಗೊತ್ತಿತ್ತಾ?"

"ದಿನಾ ನಿನ್ನ ರಾಟೆ ಕಿರುಗುಟ್ಟಿದ ಅರ್ಧ ಗಂಟೆಗೆ ನನ್ನ ಬಾವಿಗೆ ನೀರು ಬರ್ತಿತ್ತು ಕಣಯ್ಯ. ನಾನು ಮೂವತ್ತು ವರ್ಷ ಲೆಕ್ಕದ ಮೇಷ್ಟ್ರಾಗಿದ್ದವನು." ಅವರು ಹಗ್ಗ ಇಳಿಬಿಡುತ್ತ ದನಿ ತಗ್ಗಿಸಿದರು. "ನಮ್ಮನೆಯವಳಿಗೆ ಹೇಳಬೇಡ. ಸಂತೋಷವಾಗಿದ್ದಾಳೆ."

ಮೇಷ್ಟ್ರು ಸೇದಿದರು, ಚಿಕ್ಕಪ್ಪ ಹೊತ್ತು ಸುರಿದ. ಆಮೇಲೆ ಚಿಕ್ಕಪ್ಪ ಸೇದಿದ, ಮೇಷ್ಟ್ರು ಹೊತ್ತರು. ಗೋಡೆಯ ಆಚೆ ವೆಂಕಟಲಕ್ಷ್ಮಮ್ಮ ಹಾಡಿಕೊಳ್ಳುತ್ತ ಅದೇ ನೀರನ್ನು ಸೇದುತ್ತಿದ್ದರು. ಕಾಫಿ ತಂದ ಚಿಕ್ಕಮ್ಮ ಇದನ್ನೆಲ್ಲ ಸ್ವಲ್ಪ ಹೊತ್ತು ನಿಂತು ನೋಡಿದಳು. ಇಷ್ಟೆಲ್ಲ ಕಷ್ಟವೇಕೆ ಮೇಷ್ಟ್ರೇ, ಸೇದಿದ ಬಿಂದಿಗೆಯನ್ನು ಹಾಗೇ ಗೋಡೆಯ ಮೇಲಿಂದ ಆಚೆಗೆ ದಾಟಿಸಿದರೆ ಆಗದೇ ಎಂದು ಕೇಳಿದಳು.

ಮೇಷ್ಟ್ರು ಹೆಗಲ ಮೇಲಿನ ಬಿಂದಿಗೆಯನ್ನು ಇಳಿಸದೆಯೇ ಅವಳ ಕಡೆ ತಿರುಗಿದರು.

"ಅದು ಹೇಗಮ್ಮ ಆಗುತ್ತೆ? ನಿಮ್ಮನ್ನ ನೀರು ಕೇಳಿದ ಹಾಗಾಗಲ್ವಾ?"